ಸೋಪಿಗೆ ಕರಗುವ ಮಂಗನ ಕಾಯಿಲೆಯ ವೈರಸ್ಸು ಮಲೆನಾಡಿನ ಕಾಡಿನಲ್ಲಿ ಇಷ್ಟು ವರ್ಷ ಉಳಿದದ್ದು ಹೇಗೆ?

ಪ್ರಶ್ನೆ: ಬೆಟ್ಟದಂಚಿನ ತೋಟಿಗ

ಎಲ್ಲರಿಗೂ ನಮಸ್ಕಾರ. ನಾನು ಸಾಗರ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಅಡಿಕೆ ತೋಟ ನೋಡಿಕೊಂಡಿರುವವನು. ಹತ್ತು ದಿನಗಳ ಹಿಂದೆ ನಮ್ಮ ಸೊಪ್ಪಿನ ಬೆಟ್ಟದಲ್ಲಿ ಒಂದು ಮುಸುವ ಸತ್ತು ಬಿದ್ದಿತ್ತು. ಸುದ್ದಿ ಮುಟ್ಟಿಸಿದ ಮೇಲೆ ಇಲಾಖೆಯವರು ಬಂದು ಮಾದರಿ ತೆಗೆದುಕೊಂಡರು. ಬಳಿಕ ಕಳೇಬರವನ್ನು ಸುಟ್ಟು, ಸುತ್ತ ಐವತ್ತು ಮೀಟರಿನಷ್ಟು ಜಾಗಕ್ಕೆ ಮೆಲಾಥಿಯಾನ್ ಎಂಬ ಕೀಟನಾಶಕದ ಪುಡಿ ಉದುರಿಸಿ, ಸದ್ಯಕ್ಕೆ ಆ ಕಡೆ ದರಕು (ಉದುರಿದ ಒಣ ಎಲೆ) ಗುಡಿಸಲು ಹೋಗಬೇಡಿ ಎಂದು ಹೇಳಿ ಹೋದರು.

ಅಂದಿನಿಂದ ಮನೆಯಲ್ಲಿ ದಿನವೂ ಇದೇ ಮಾತು. ಬೆಂಗಳೂರಿನಲ್ಲಿ ಓದುತ್ತಿರುವ ನನ್ನ ಅಕ್ಕನ ಮಗ ಹೇಳುವ ಪ್ರಕಾರ ಕೊರೋನಾ ವೈರಸ್ಸಿಗೂ ಮಂಗನ ಕಾಯಿಲೆಯ ವೈರಸ್ಸಿಗೂ ಜಿಡ್ಡಿನ ಹೊದಿಕೆ ಇದೆಯಂತೆ. ಸೋಪು ತಾಗಿದರೆ ಎರಡೂ ಕರಗಿ ಹೋಗುತ್ತವಂತೆ, ದೇಹದ ಹೊರಗೆ ಹೆಚ್ಚು ಕಾಲ ಬಾಳುವುದಿಲ್ಲವಂತೆ. ಇದು ನಿಜವಾದರೆ ನನಗೆ ಮೂರು ಸಂಶಯಗಳಿವೆ. ಅಷ್ಟು ನಾಜೂಕಾದ ವೈರಸ್ಸು, ಮೊದಲು ಪತ್ತೆಯಾದ 1957ರಿಂದ ಇಂದಿನವರೆಗೆ ನಮ್ಮ ಮಳೆ, ಬಿಸಿಲು, ಕಾಡುಗಳ ನಡುವೆ ಉಳಿದುಕೊಂಡದ್ದು ಹೇಗೆ? ಕೊರೋನಾ ಕೆಲವೇ ತಿಂಗಳಲ್ಲಿ ಲೋಕವನ್ನೆಲ್ಲ ಸುತ್ತಿತು, ಆದರೆ ನಮ್ಮೂರಿನಲ್ಲಿ ಮಂಗನ ಕಾಯಿಲೆ ಬಂದವರ ಪಕ್ಕದಲ್ಲೇ ಮಲಗಿ ಆರೈಕೆ ಮಾಡಿದವರಿಗೂ ಅದು ಅಂಟಲಿಲ್ಲ, ಕಾರಣವೇನು? ಕೊನೆಯದು ನನ್ನ ತಾಯಿಯವರ ಪ್ರಶ್ನೆ: ಅದೇ ಬೆಟ್ಟದಲ್ಲಿ ಮೇಯುವ ಹಸುವಿನ ಹಾಲಿನಿಂದ ಇದು ಬರಬಹುದೇ?

ಏನು ಮಾಡಬೇಕೆಂಬ ಸಲಹೆ ಆರೋಗ್ಯ ಕೇಂದ್ರದವರಿಂದ ಸಿಕ್ಕಿದೆ. ಇದೆಲ್ಲ ಹೇಗೆ ನಡೆಯುತ್ತದೆ ಎಂಬುದನ್ನು ತಿಳಿದವರು ವಿವರಿಸಬೇಕೆಂದು ಕೋರುತ್ತೇನೆ.

ಉತ್ತರ 1: ನಿವೃತ್ತ ಅಧ್ಯಾಪಕಿ, ಸೂಕ್ಷ್ಮಜೀವಿಶಾಸ್ತ್ರ

ನಿಮ್ಮ ಅಕ್ಕನ ಮಗ ಹೇಳಿದ್ದು ಸರಿ. ಆದರೆ ಹೊದಿಕೆಯ ಬಗ್ಗೆ ಇನ್ನೂ ಸ್ವಲ್ಪ ವಿವರವಾಗಿ ನೋಡಿದರೆ ನಿಮ್ಮ ಮೊದಲೆರಡು ಸಂಶಯಗಳಿಗೆ ದಾರಿ ಸಿಗುತ್ತದೆ.

ಮಂಗನ ಕಾಯಿಲೆಯ ವೈರಸ್ಸು ಫ್ಲೇವಿವೈರಸ್ ಎಂಬ ಕುಟುಂಬಕ್ಕೆ ಸೇರಿದೆ. ಡೆಂಗಿ, ಹಳದಿ ಜ್ವರ, ಜಪಾನೀಸ್ ಎನ್‌ಸೆಫಲೈಟಿಸ್‌ಗಳ ವೈರಸ್ಸುಗಳೂ ಇದೇ ಮನೆತನದವು. ಕಣದ ಅಡ್ಡಳತೆ 40ರಿಂದ 50 ನ್ಯಾನೋಮೀಟರ್, ಅಂದರೆ ಒಂದು ಮಿಲಿಮೀಟರಿನ ಉದ್ದಕ್ಕೆ ಇಂಥ ಇಪ್ಪತ್ತು ಸಾವಿರ ಕಣಗಳನ್ನು ಸಾಲಾಗಿ ಜೋಡಿಸಬಹುದು. ನಟ್ಟನಡುವೆ ವೈರಸ್ಸಿನ ಆನುವಂಶಿಕ ಬರಹವಾದ ಒಂದೇ ಎಳೆಯ ಆರ್‌ಎನ್‌ಎ ಇದ್ದು, ಅದರಲ್ಲಿ ಸುಮಾರು 10,800 ಅಕ್ಷರಗಳಿವೆ. ಕೊರೋನಾದಲ್ಲಿ ಇದು ಸುಮಾರು 30,000. ಈ ಎಳೆಯನ್ನು ಜೀವಕೋಶವು ತನ್ನದೇ ಸಂದೇಶವೆಂದು ತಿಳಿದು ನೇರವಾಗಿ ಓದಿ, ಒಂದೇ ಉದ್ದನೆಯ ಪ್ರೋಟೀನ್ ಸರಪಳಿಯನ್ನು ತಯಾರಿಸುತ್ತದೆ. ಆ ಸರಪಳಿ ಹತ್ತು ತುಂಡಾಗುತ್ತದೆ. ಮೂರು ತುಂಡುಗಳು ವೈರಸ್ಸಿನ ಮೈಯನ್ನು ಕಟ್ಟುತ್ತವೆ, ಉಳಿದ ಏಳು ವೈರಸ್ಸಿನ ಮೈ ಸೇರದೆ ಆರ್‌ಎನ್‌ಎಯ ನಕಲು ತೆಗೆಯುವ ಮತ್ತು ದೇಹದ ಕಾವಲನ್ನು ದಾರಿ ತಪ್ಪಿಸುವ ಕೆಲಸ ಮಾಡುತ್ತವೆ.

ಈಗ ಜಿಡ್ಡಿನ ಹೊದಿಕೆಯ ವಿಚಾರ. ವೈರಸ್ಸು ಇದನ್ನು ಸ್ವತಃ ತಯಾರಿಸುವುದಿಲ್ಲ. ಜೀವಕೋಶದ ಒಳಪೊರೆಯಿಂದ ಹೊರಗೆ ಉಬ್ಬಿ ಬರುವಾಗ ಅದನ್ನೇ ಮೈಗೆ ಸುತ್ತಿಕೊಂಡು ಬರುತ್ತದೆ. ಆ ಪೊರೆಯ ಮೇಲೆ 'ಇ' ಎಂಬ ಪ್ರೋಟೀನಿನ 180 ಪ್ರತಿಗಳು ಎರಡೆರಡಾಗಿ, 90 ಜೋಡಿಗಳಾಗಿ ಒರಗಿ ಮಲಗಿರುತ್ತವೆ. ಕೊರೋನಾದ ಮೈಮೇಲೆ ಮುಳ್ಳುಗಳು ಎದ್ದು ನಿಂತಂತೆ ಕಾಣುವ ಚಿತ್ರವನ್ನು ನೀವೆಲ್ಲ ನೋಡಿರುತ್ತೀರಿ. ಇಲ್ಲಿ ಮುಳ್ಳುಗಳಿಲ್ಲ, ಹಂಚು ಹೊದಿಸಿದ ಮಾಡಿನಂತೆ ಮೈ ನುಣುಪಾಗಿರುತ್ತದೆ. ಈ ಜೋಡಣೆಯು 2002ರಲ್ಲಿ ಡೆಂಗಿ ವೈರಸ್ಸಿನಲ್ಲಿ ಮೊದಲು ಸ್ಪಷ್ಟವಾಗಿ ಕಂಡಿತು. ಉಣ್ಣೆಯಿಂದ (ಪ್ರಾಣಿಗಳ ಮೈಗೆ ಕಚ್ಚಿಕೊಂಡು ರಕ್ತ ಹೀರುವ ಸಣ್ಣ ಜೀವಿ) ಹರಡುವ ಯುರೋಪಿನ ಮಿದುಳುಜ್ವರದ ವೈರಸ್ಸು ಮಂಗನ ಕಾಯಿಲೆಯದಕ್ಕೆ ಇನ್ನೂ ಹತ್ತಿರದ ಬಂಧು, ಅದರ 'ಇ' ಪ್ರೋಟೀನಿನ ಆಕಾರ 1995ರಲ್ಲೇ ತಿಳಿದಿತ್ತು.

ಚರ್ಮದ ಕೆಳಗೆ ಇಳಿದ ವೈರಸ್ಸನ್ನು ಅಲ್ಲಿನ ಕಾವಲು ಕೋಶವೊಂದು ಒಂದು ಚೀಲದೊಳಗೆ ನುಂಗಿಕೊಳ್ಳುತ್ತದೆ. ನುಂಗಿದ್ದನ್ನು ಅರಗಿಸಲು ಕೋಶವು ಆ ಚೀಲವನ್ನು ಹುಳಿ ಮಾಡುತ್ತದೆ. ಹುಳಿ ತಾಗಿದ ಕ್ಷಣ ಮಲಗಿದ್ದ 'ಇ' ಜೋಡಿಗಳು ಬಿಚ್ಚಿಕೊಂಡು, ಮೂರು ಮೂರಾಗಿ ಎದ್ದು ನಿಂತು, ವೈರಸ್ಸಿನ ಪೊರೆಯನ್ನೂ ಚೀಲದ ಪೊರೆಯನ್ನೂ ಬೆಸೆದುಬಿಡುತ್ತವೆ. ಆರ್‌ಎನ್‌ಎ ಒಳಗೆ ಜಾರುತ್ತದೆ. ಕೋಶವು ಕೊಲ್ಲಲು ಬಳಸುವ ಹುಳಿಯನ್ನೇ ಬಾಗಿಲು ತೆರೆಯುವ ಸೂಚನೆಯಾಗಿ ಬಳಸಿಕೊಳ್ಳುವ ಈ ಏರ್ಪಾಡನ್ನು ನಾನು ಎಷ್ಟೋ ವರ್ಷ ಪಾಠ ಮಾಡಿದ್ದೇನೆ, ಇಂದಿಗೂ ಬೆರಗು ಹೋಗಿಲ್ಲ.

ಆದರೆ ಈ ಬದಲಾವಣೆ ಒಮ್ಮೆ ಮಾತ್ರ ಆಗುವಂಥದ್ದು. ಕೋಶ ಸಿಗುವ ಮೊದಲೇ ಹುಳಿ ತಾಗಿದರೆ ಕಣ ವ್ಯರ್ಥವಾಗುತ್ತದೆ. ಸೋಪು ತಾಗಿದರೆ ಪೊರೆಯೇ ಹರಿದು ಹೋಗುತ್ತದೆ. ಒಣಗಿದರೂ ಹಾಗೆಯೇ. ಪೋಲಿಯೊ ವೈರಸ್ಸಿಗೆ ಪೊರೆಯೇ ಇಲ್ಲ, ಪ್ರೋಟೀನಿನ ಗಟ್ಟಿ ಚಿಪ್ಪು ಮಾತ್ರ ಇದೆ. ಆದ್ದರಿಂದ ಅದು ಜಠರದ ಆಮ್ಲವನ್ನು ದಾಟಿ, ಮಲದ ಮೂಲಕ ಹೊರಬಂದು, ಚರಂಡಿ ನೀರಿನಲ್ಲಿ ದಿನಗಟ್ಟಲೆ ಬಾಳಿ, ಮತ್ತೊಂದು ಮಗುವಿನ ಬಾಯಿ ಸೇರಬಲ್ಲದು. ಮಂಗನ ಕಾಯಿಲೆಯ ವೈರಸ್ಸಿಗೆ ಆ ದಾರಿ ಇಲ್ಲ. ಅದು ಒಂದು ಬೆಚ್ಚಗಿನ, ತೇವದ ಮೈಯಿಂದ ಇನ್ನೊಂದಕ್ಕೆ ನಡುವೆ ಹೊರಗಾಳಿ ಸೋಕದಂತೆ ದಾಟಬೇಕು. ಉಣ್ಣೆ ಮಾಡಿಕೊಡುವುದು ಈ ಕೆಲಸವನ್ನೇ. ಆದ್ದರಿಂದ ನಿಮ್ಮ ಮೊದಲ ಪ್ರಶ್ನೆಗೆ ನನ್ನ ಉತ್ತರವಿಷ್ಟು: ವೈರಸ್ಸು ಕಾಡಿನ ಮಣ್ಣಿನಲ್ಲೋ ಎಲೆಯ ಮೇಲೋ ಬದುಕಿಲ್ಲ, ಉಣ್ಣೆಯ ಮೈಯೊಳಗೆ ಬದುಕಿದೆ. ನಮ್ಮ ಮಳೆ, ಬಿಸಿಲು ಅದಕ್ಕೆ ತಾಗುವುದೇ ಇಲ್ಲ.

ಉತ್ತರ 2: ಪಶುವೈದ್ಯ, ಶಿವಮೊಗ್ಗ ಜಿಲ್ಲೆ

ಮೇಡಂ ಅವರು ವೈರಸ್ಸಿನ ಕಡೆಯಿಂದ ವಿವರಿಸಿದ್ದಾರೆ, ನಾನು ಉಣ್ಣೆಯ ಕಡೆಯಿಂದ ಹೇಳುತ್ತೇನೆ. ನಮ್ಮ ಭಾಗದಲ್ಲಿ ಎಲ್ಲರೂ ಉಣುಗು ಎನ್ನುವುದರಿಂದ ಅದೇ ಪದ ಬಳಸುತ್ತೇನೆ.

ಈ ಕಾಯಿಲೆಯನ್ನು ಮುಖ್ಯವಾಗಿ ಹರಡುವುದು ಹೀಮಫೈಸಾಲಿಸ್ ಸ್ಪಿನಿಜೆರಾ ಎಂಬ ಜಾತಿಯ ಉಣುಗು. ಅದರ ಬಾಳಿನಲ್ಲಿ ಮೂರು ಹಂತ, ಹಂತಕ್ಕೊಂದೇ ಊಟ. ಮೊಟ್ಟೆಯೊಡೆದು ಬಂದ ಆರು ಕಾಲಿನ ಮರಿ ಒಮ್ಮೆ ಯಾವುದಾದರೂ ಪ್ರಾಣಿಯ ರಕ್ತ ಹೀರಿ ನೆಲಕ್ಕೆ ಬೀಳುತ್ತದೆ ಮತ್ತು ಪೊರೆ ಕಳಚಿ ಎಂಟು ಕಾಲಿನ ಎಳೆಯ ಉಣುಗಾಗುತ್ತದೆ. ಅದು ಇನ್ನೊಂದು ಪ್ರಾಣಿಯ ಮೇಲೆ ಎರಡನೆಯ ಊಟ ಮಾಡಿ, ಬಿದ್ದು, ಪೊರೆ ಕಳಚಿ ಬಲಿತ ಉಣುಗಾಗುತ್ತದೆ. ಬಲಿತದ್ದು ದನ, ಕಾಡುಕೋಣದಂಥ ದೊಡ್ಡ ಪ್ರಾಣಿಗಳನ್ನು ಹಿಡಿದು ಮೂರನೆಯ ಊಟ ಮುಗಿಸಿ, ನೆಲಕ್ಕೆ ಬಿದ್ದು ಸಾವಿರಾರು ಮೊಟ್ಟೆಯಿಟ್ಟು ಸಾಯುತ್ತದೆ. ಮೊದಲ ಊಟದಲ್ಲಿ ಒಳಗೆ ಹೋದ ವೈರಸ್ಸು ಪೊರೆ ಕಳಚುವಾಗಲೂ ನಾಶವಾಗದೆ ಮುಂದಿನ ಹಂತಕ್ಕೆ ದಾಟುತ್ತದೆ. ನಡುವಿನ ವಾರಗಟ್ಟಲೆ ಉಪವಾಸದ ಕಾಲದಲ್ಲೂ ಅದು ಉಣುಗಿನೊಳಗೆ ಜೀವಂತವಾಗಿರುತ್ತದೆ.

ಮನುಷ್ಯನಿಗೆ ಕಾಯಿಲೆ ಅಂಟಿಸುವುದು ಹೆಚ್ಚಾಗಿ ಎರಡನೆಯ ಹಂತದ ಎಳೆಯ ಉಣುಗು. ಎಳ್ಳಿಗಿಂತ ಚಿಕ್ಕದಾದ ಕಾರಣ ಕಣ್ಣಿಗೆ ಬೀಳುವುದಿಲ್ಲ, ಕಚ್ಚಿದಾಗ ನೋವೂ ಆಗುವುದಿಲ್ಲ. ಮಳೆಗಾಲ ಮುಗಿದ ಮೇಲೆ ಮರಿಗಳು, ಡಿಸೆಂಬರಿನಿಂದ ಮೇ ತನಕ ಎಳೆಯ ಉಣುಗುಗಳು, ಮಳೆ ಹಿಡಿದ ಮೇಲೆ ಬಲಿತವು ಎಂದು ವರ್ಷ ಹಂಚಿಕೆಯಾಗಿದೆ. ಎಲೆ ಉದುರುವ ಕಾಲ, ನಾವು ದರಕು ಗುಡಿಸುವ ಕಾಲ, ಎಳೆಯ ಉಣುಗಿನ ಕಾಲ, ಈ ಮೂರೂ ಒಂದರ ಮೇಲೊಂದು ಬೀಳುವುದರಿಂದಲೇ ಪ್ರತಿ ವರ್ಷ ಜನವರಿಯಿಂದ ಮಾರ್ಚ್ ತನಕ ಪ್ರಕರಣಗಳು ಏರುತ್ತವೆ.

ಸತ್ತ ಮಂಗದ ಸುತ್ತ ಪುಡಿ ಹಾಕಿದ್ದಕ್ಕೂ ಇದೇ ಕಾರಣ. ಇಲಿ, ಮೂಗಿಲಿ, ಅಳಿಲಿನಂಥ ಸಣ್ಣ ಪ್ರಾಣಿಗಳಲ್ಲಿ ವೈರಸ್ಸು ಸದ್ದಿಲ್ಲದೆ ಸುತ್ತುತ್ತಿರುತ್ತದೆ. ಕೆಂಪು ಮೂತಿಯ ಮಂಗ ಮತ್ತು ಮುಸುವಗಳಿಗೆ ತಾಗಿದಾಗ ಮಾತ್ರ ಅವುಗಳ ರಕ್ತದಲ್ಲಿ ಅದು ವಿಪರೀತ ಹೆಚ್ಚಿ, ಅನೇಕ ಪ್ರಾಣಿಗಳು ಸಾಯುತ್ತವೆ. ಸತ್ತ ಮಂಗದ ಮೈ ತಣ್ಣಗಾದ ಕೂಡಲೇ ಅದರ ಮೇಲಿದ್ದ ನೂರಾರು ಮರಿ ಉಣುಗುಗಳು ಕೆಳಗಿಳಿಯುತ್ತವೆ. ಕೆಲವು ವಾರಗಳ ನಂತರ ಅವೇ ವೈರಸ್ಸು ಹೊತ್ತ ಎಳೆಯ ಉಣುಗುಗಳಾಗಿ ಅದೇ ಜಾಗದ ಎಲೆಗಳ ತುದಿಯಲ್ಲಿ ಕಾಯುತ್ತಿರುತ್ತವೆ. ಹಾಗಾಗಿ ಹೆಣ ಸುಟ್ಟಾಯಿತಲ್ಲ ಎಂದು ಮರುವಾರವೇ ಆ ಜಾಗಕ್ಕೆ ಹೋಗಬಾರದು.

ಹಾಲಿನ ವಿಚಾರದಲ್ಲಿ ಮೇಡಂ ಅವರ ಮಾತಿಗೆ ಒಂದು ಅಪವಾದ ಸೇರಿಸಬೇಕು. ಅವರೇ ಹೆಸರಿಸಿದ ಯುರೋಪಿನ ಮಿದುಳುಜ್ವರ ಆಡಿನ ಕಾಯಿಸದ ಹಾಲಿನಿಂದ ಮನುಷ್ಯರಿಗೆ ಬಂದದ್ದು ಉಂಟು, ಜಠರದ ಆಮ್ಲ ಅಲ್ಲಿ ಪೂರ್ತಿ ರಕ್ಷಣೆ ಕೊಡಲಿಲ್ಲ. ಮಂಗನ ಕಾಯಿಲೆ ಹಸುವಿನ ಹಾಲಿನಿಂದ ಬಂದದ್ದಕ್ಕೆ ಆಧಾರವಿಲ್ಲ. ದನದ ರಕ್ತದಲ್ಲಿ ಈ ವೈರಸ್ಸು ಉಣುಗಿಗೆ ದಾಟುವಷ್ಟು ಪ್ರಮಾಣಕ್ಕೆ ಏರುವುದೂ ಇಲ್ಲ. ನಮ್ಮ ಮನೆಗಳಲ್ಲಿ ಹಾಲು ಉಕ್ಕುವ ತನಕ ಕಾಯಿಸುವುದರಿಂದ ತಾಯಿಯವರು ನಿಶ್ಚಿಂತೆಯಿಂದಿರಬಹುದು. ಆದರೆ ದನಗಳು ಸಂಪೂರ್ಣ ನಿರಪರಾಧಿಗಳೆಂದು ತಿಳಿಯಬೇಡಿ. ಅವು ವೈರಸ್ಸನ್ನು ಹೆಚ್ಚಿಸದಿದ್ದರೂ ಬಲಿತ ಉಣುಗಿಗೆ ಊಟ ಕೊಟ್ಟು ಉಣುಗಿನ ಸಂಖ್ಯೆಯನ್ನು ಹೆಚ್ಚಿಸುತ್ತವೆ. ದನಗಳಿಗೆ ಉಣುಗಿನ ಔಷಧಿ ಹಚ್ಚಿಸಿ ಎಂದು ನಾವು ಹೇಳುವುದು ಇದಕ್ಕಾಗಿ.

ಪ್ರಶ್ನೆ ಕೇಳಿದವರು ಮತ್ತೆ: ಬೆಟ್ಟದಂಚಿನ ತೋಟಿಗ

ಇಬ್ಬರಿಗೂ ಧನ್ಯವಾದಗಳು. ಆದರೆ ಎರಡನೆಯ ಸಂಶಯ ಪೂರ್ತಿ ಹೋಗಲಿಲ್ಲ. ಡೆಂಗಿಯೂ ಇದೇ ಕುಟುಂಬದ್ದು, ಮೈಯ ಕಟ್ಟಡವೂ ಒಂದೇ ಎಂದಿರಿ. ಡೆಂಗಿ ಒಬ್ಬರಿಗೆ ಬಂದರೆ ಸೊಳ್ಳೆಯ ಮೂಲಕ ಕೇರಿಗೆಲ್ಲ ಹರಡುತ್ತದೆ. ಮಂಗನ ಕಾಯಿಲೆಯ ರೋಗಿಯ ರಕ್ತದಲ್ಲಿ ವೈರಸ್ಸು ಇದ್ದೇ ಇರುತ್ತದೆಯಲ್ಲವೇ? ಅವರನ್ನು ಕಚ್ಚಿದ ಉಣುಗು ಮನೆಯ ಇನ್ನೊಬ್ಬರನ್ನು ಕಚ್ಚಿ ಅಂಟಿಸಬಾರದೇಕೆ?

ಉತ್ತರ 3: ನಿವೃತ್ತ ಅಧ್ಯಾಪಕಿ, ಸೂಕ್ಷ್ಮಜೀವಿಶಾಸ್ತ್ರ

ಈ ಪ್ರಶ್ನೆಯನ್ನು ನನ್ನ ವಿದ್ಯಾರ್ಥಿಗಳು ಕೇಳಿದ್ದರೆ ಎಷ್ಟು ಸಂತೋಷವಾಗುತ್ತಿತ್ತೋ! ನೀವು ಹೇಳಿದಂತೆ ರೋಗಿಯ ರಕ್ತದಲ್ಲಿ ಮೊದಲ ದಿನಗಳಲ್ಲಿ ವೈರಸ್ಸು ಹೇರಳವಾಗಿಯೇ ಇರುತ್ತದೆ. ಕೊರತೆ ಇರುವುದು ವಾಹನದಲ್ಲಿ.

ಡೆಂಗಿಯನ್ನು ಹರಡುವ ಈಡಿಸ್ ಸೊಳ್ಳೆ ಮನೆಯೊಳಗೇ ವಾಸಿಸುತ್ತದೆ. ಮನುಷ್ಯನ ರಕ್ತವೆಂದರೆ ಅದಕ್ಕೆ ಇಷ್ಟ. ಕೆಲವೇ ದಿನಗಳ ಅಂತರದಲ್ಲಿ ಮತ್ತೆ ಮತ್ತೆ ಕಚ್ಚುತ್ತದೆ. ರೋಗಿಯಿಂದ ಹೀರಿದ ವೈರಸ್ಸು ಒಂದೆರಡು ವಾರದಲ್ಲಿ ಅದರ ಜೊಲ್ಲುಗ್ರಂಥಿಗೆ ತಲುಪಿದ ಮೇಲೆ, ಮುಂದಿನ ಪ್ರತಿ ಕಡಿತವೂ ಒಂದೊಂದು ಅವಕಾಶವೇ. ಪಶುವೈದ್ಯರು ಹೇಳಿದ ಲೆಕ್ಕವನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಮನುಷ್ಯನನ್ನು ಕಚ್ಚಿದ ಎಳೆಯ ಉಣುಗು ಹೊಟ್ಟೆ ತುಂಬಿಸಿಕೊಳ್ಳಲು ದಿನಗಳೇ ಬೇಕು, ಅಷ್ಟರಲ್ಲಿ ನಾವು ಅದನ್ನು ಕಿತ್ತು ಹಾಕುತ್ತೇವೆ. ಹಾಗೂ ಹೊಟ್ಟೆ ತುಂಬಿ ಬಿದ್ದರೆ ಅದು ಬೀಳುವುದು ಸಾರಿಸಿದ ನೆಲದ ಮೇಲೆ, ಕಾಡಿನ ತೇವದ ಎಲೆಯ ಮೇಲಲ್ಲ. ಅದನ್ನೂ ದಾಟಿ ಬದುಕಿ ಬಲಿತ ಉಣುಗಾದರೆ ಅದರ ಮುಂದಿನ, ಕೊನೆಯ ಊಟ ದನದ ಮೇಲೆ. ದನದಿಂದ ವೈರಸ್ಸು ಮುಂದಕ್ಕೆ ಹೋಗುವುದಿಲ್ಲ. ಹೀಗೆ ಮನುಷ್ಯನ ಮೈ ಸೇರಿದ ವೈರಸ್ಸಿಗೆ ಅಲ್ಲಿಂದಾಚೆ ಹಾದಿಯಿಲ್ಲ. ಬಹುಮಟ್ಟಿಗೆ ಒಂದೇ ಕಟ್ಟಡದ ಎರಡು ವೈರಸ್ಸುಗಳಲ್ಲಿ ಒಂದು ಪೇಟೆಯ ರೋಗವಾಗಿ, ಇನ್ನೊಂದು ಕಾಡಂಚಿನ ರೋಗವಾಗಿ ಉಳಿದದ್ದು ಹೊತ್ತು ತಿರುಗುವ ಜೀವಿಯ ಊಟದ ಕ್ರಮದಿಂದ.

ಉಸಿರಿನ ವಿಚಾರದಲ್ಲೂ ಒಂದು ಮಾತು. ಕೊರೋನಾದ ಮುಳ್ಳಿಗೆ ಹೊಂದುವ ಏಸ್-2 ಎಂಬ ಗ್ರಾಹಕ (ವೈರಸ್ಸು ಹಿಡಿದುಕೊಳ್ಳುವ ಪ್ರೋಟೀನು) ಮೂಗು ಮತ್ತು ಶ್ವಾಸನಾಳದ ಕೋಶಗಳ ಮೇಲಿದೆ. ವೈರಸ್ಸು ಅಲ್ಲೇ ಹೆಚ್ಚಿ, ಮಾತಾಡಿದರೂ ಸಾಕು, ಹನಿಗಳ ಜೊತೆ ಹೊರಬೀಳುತ್ತದೆ. ಮಂಗನ ಕಾಯಿಲೆಯ ವೈರಸ್ಸು ಹೆಚ್ಚುವುದು ರಕ್ತ ಮತ್ತು ಒಳ ಅಂಗಾಂಗಗಳಲ್ಲಿ. ಹಾಗೆಂದು ಅದಕ್ಕೆ ಉಸಿರಿನ ಮೂಲಕ ಒಳಹೋಗುವ ಶಕ್ತಿಯೇ ಇಲ್ಲವೆಂದಲ್ಲ. ಅದನ್ನು ದೊಡ್ಡ ಪ್ರಮಾಣದಲ್ಲಿ ಬೆಳೆಸುವ ಪ್ರಯೋಗಾಲಯಗಳಲ್ಲಿ ಉಣ್ಣೆ ಕಚ್ಚದೆಯೇ ಸಿಬ್ಬಂದಿಗೆ ಸೋಂಕು ತಗುಲಿದ್ದುಂಟು. ಆದ್ದರಿಂದಲೇ ಅದನ್ನು ಅತಿ ಬಿಗಿ ಸುರಕ್ಷತೆಯ ಕೊಠಡಿಗಳಲ್ಲಿ ಮಾತ್ರ ಮುಟ್ಟುತ್ತಾರೆ. ಮನೆಯಲ್ಲಿ ರೋಗಿಯ ಉಸಿರಿನಿಂದ ಆ ಪ್ರಮಾಣ ಹೊರಬರುವುದಿಲ್ಲ.

ಉತ್ತರ 4: ಬೆಳ್ತಂಗಡಿ ಕಡೆಯ ಓದುಗ

ವೈರಸ್ಸು ಕಾಡಂಚಿನಲ್ಲೇ ಉಳಿಯಿತು ಎಂಬ ಮಾತಿಗೆ ಸಣ್ಣ ತಿದ್ದುಪಡಿ ಬೇಕು. ಕಾಯಿಲೆ ಮೊದಲು ಪತ್ತೆಯಾದದ್ದು ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಆದರೆ 1982-83ರ ಹೊತ್ತಿಗೆ ನಮ್ಮ ತಾಲ್ಲೂಕಿನ ನಿಡ್ಲೆ, ಪಟ್ರಮೆ ಭಾಗದಲ್ಲಿ ಗೋಡಂಬಿ ತೋಪಿಗಾಗಿ ಕಾಡು ಕಡಿದ ಮೇಲೆ ದೊಡ್ಡ ಪ್ರಮಾಣದಲ್ಲಿ ಜನರು ಕಾಯಿಲೆ ಬಿದ್ದರು, ಸಾವುಗಳೂ ಆದವು. 2012ರಿಂದೀಚೆಗೆ ಬಂಡೀಪುರ, ಮುದುಮಲೈ, ವಯನಾಡು, ಗೋವಾದ ಸತ್ತರಿ, ಮಹಾರಾಷ್ಟ್ರದ ಸಿಂಧುದುರ್ಗದಲ್ಲೂ ಕಾಣಿಸಿಕೊಂಡಿತು. ಅದು ಪಶ್ಚಿಮ ಘಟ್ಟದ ಉದ್ದಕ್ಕೂ ಇದೆ, ಕಾಡಿನೊಳಗೆ ಮನುಷ್ಯ ಹೊಸದಾಗಿ ಅಂಚು ಕೊರೆದಲ್ಲೆಲ್ಲ ಕಣ್ಣಿಗೆ ಬೀಳುತ್ತದೆ ಎಂಬುದು ನನ್ನ ತಿಳಿವಳಿಕೆ.

ಇನ್ನೊಂದು ಸ್ವಾರಸ್ಯ. 1957ರಲ್ಲಿ ಮಂಗಗಳು ಸತ್ತು ಬೀಳುವುದನ್ನು ಕಂಡು, ಆಫ್ರಿಕಾ ಮತ್ತು ದಕ್ಷಿಣ ಅಮೆರಿಕದ ಹಳದಿ ಜ್ವರ ಭಾರತಕ್ಕೂ ಬಂತೇ ಎಂಬ ಭಯ ಮೊದಲು ಹುಟ್ಟಿತ್ತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ವೈರಸ್ಸನ್ನು ಬೇರ್ಪಡಿಸಿ ನೋಡಿದಾಗ ಅದು ರಷ್ಯಾದ ಉಣ್ಣೆಜ್ವರದ ವೈರಸ್ಸುಗಳ ಹತ್ತಿರದ ನಂಟಿನದೆಂದು ತಿಳಿಯಿತು. ಹಾಗಾದರೆ ಸೈಬೀರಿಯಾದಿಂದ ವಲಸೆ ಬರುವ ಹಕ್ಕಿಗಳ ಮೈಮೇಲಿನ ಉಣ್ಣೆಗಳು ಇದನ್ನು ತಂದವೇ ಎಂಬ ಊಹೆ ಎದ್ದಿತು. ಪಕ್ಷಿತಜ್ಞ ಸಲೀಂ ಅಲಿಯವರ ನೇತೃತ್ವದಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ಸಾವಿರಾರು ಹಕ್ಕಿಗಳ ಕಾಲಿಗೆ ಉಂಗುರ ತೊಡಿಸಿದ್ದಕ್ಕೆ ಈ ಊಹೆಯೂ ಒಂದು ಕಾರಣ. ಊಹೆ ಸಾಬೀತಾಗಲಿಲ್ಲ, ಆದರೆ ವಲಸೆ ಹಕ್ಕಿಗಳ ಬಗ್ಗೆ ನಮಗೆ ಬೇಕಾದಷ್ಟು ತಿಳಿಯಿತು! ಇದರ ಅತಿ ಹತ್ತಿರದ ಬಂಧುವಾದ ಅಲ್‌ಖುರ್ಮಾ ವೈರಸ್ಸು 1990ರ ದಶಕದಲ್ಲಿ ಸೌದಿ ಅರೇಬಿಯಾದಲ್ಲಿ ಸಿಕ್ಕಿತು.

ಉತ್ತರ 5: ಪ್ರಯೋಗಾಲಯ ತಂತ್ರಜ್ಞೆ

ವೈರಸ್ಸಿನ ಕಟ್ಟಡ ತಿಳಿದಿದ್ದರೆ ಪರೀಕ್ಷೆಯ ದಿನಗಳ ಲೆಕ್ಕವೂ ಅರ್ಥವಾಗುತ್ತದೆ ಎಂಬ ಕಾರಣಕ್ಕೆ ಇದನ್ನು ಬರೆಯುತ್ತಿದ್ದೇನೆ. ಉಣುಗು ಕಚ್ಚಿದ 3ರಿಂದ 8 ದಿನಗಳಲ್ಲಿ ಚಳಿ, ಜೋರು ಜ್ವರ, ಹಣೆಯ ಭಾಗದ ತಲೆನೋವು, ಮೈಕೈ ನೋವು ಒಮ್ಮೆಗೇ ಶುರುವಾಗುತ್ತವೆ. ಜ್ವರದ ಮೊದಲ ದಿನಗಳಲ್ಲಿ ರಕ್ತದಲ್ಲಿ ವೈರಸ್ಸಿನ ಆರ್‌ಎನ್‌ಎ ಇರುವುದರಿಂದ ನಾವು ಆರ್‌ಟಿ-ಪಿಸಿಆರ್ ಮಾಡುತ್ತೇವೆ. ಐದನೆಯ ದಿನದ ನಂತರ 'ಇ' ಮುಂತಾದ ಪ್ರೋಟೀನುಗಳ ವಿರುದ್ಧ ದೇಹ ತಯಾರಿಸಿದ ಐಜಿಎಂ ಪ್ರತಿಕಾಯವನ್ನು ಎಲೈಸಾ ಪರೀಕ್ಷೆಯಿಂದ ಹುಡುಕುತ್ತೇವೆ. ಜ್ವರ ಯಾವತ್ತು ಬಂತು, ಕಾಡಿಗೆ ಯಾವತ್ತು ಹೋಗಿದ್ದಿರಿ ಎಂಬುದನ್ನು ವೈದ್ಯರಿಗೆ ತಪ್ಪದೆ ಹೇಳಿ, ಇಲ್ಲದಿದ್ದರೆ ತಪ್ಪು ದಿನದಲ್ಲಿ ತಪ್ಪು ಪರೀಕ್ಷೆ ನಡೆದು ಇಲ್ಲವೆಂಬ ಫಲಿತಾಂಶ ಬರಬಹುದು. ಕೆಲವರಲ್ಲಿ ಜ್ವರ ಬಿಟ್ಟು ಒಂದೆರಡು ವಾರದ ನಂತರ ಎರಡನೆಯ ಸುತ್ತು ಬರುತ್ತದೆ, ಆಗ ಕುತ್ತಿಗೆ ಬಿಗಿತ, ನಡುಕ, ಮಂಕು ಕಾಣಿಸುತ್ತವೆ. ಮೊದಲ ಜ್ವರ ಬಿಟ್ಟಿತೆಂದು ತೋಟದ ಕೆಲಸಕ್ಕೆ ಇಳಿದವರು ಇದನ್ನು ಗಮನಿಸಬೇಕು. ವೈರಸ್ಸನ್ನೇ ಕೊಲ್ಲುವ ಔಷಧಿ ಇಲ್ಲ. ದ್ರವಾಂಶ, ರಕ್ತಸ್ರಾವ, ರಕ್ತದೊತ್ತಡಗಳನ್ನು ನೋಡಿಕೊಳ್ಳುವುದೇ ಚಿಕಿತ್ಸೆ. ಸಾಮಾನ್ಯವಾಗಿ ನೂರರಲ್ಲಿ ಮೂರರಿಂದ ಐದು ಮಂದಿ ಸಾಯುತ್ತಾರೆ.

ಲಸಿಕೆಯ ಬಗ್ಗೆ ಯಾರೂ ಕೇಳಿಲ್ಲ, ಆದರೂ ಹೇಳುತ್ತೇನೆ. 1990ರಿಂದ ಮಲೆನಾಡಿನಲ್ಲಿ ಕೊಡುತ್ತಿದ್ದ ಲಸಿಕೆಯು ಕೋಳಿ ಭ್ರೂಣದ ಕೋಶಗಳಲ್ಲಿ ಬೆಳೆಸಿ ಫಾರ್ಮಲಿನ್‌ನಿಂದ ಕೊಂದ ವೈರಸ್ಸಾಗಿತ್ತು. ಫಾರ್ಮಲಿನ್ ಪ್ರೋಟೀನುಗಳನ್ನು ಒಂದಕ್ಕೊಂದು ಬೆಸೆಯುವುದರಿಂದ ಮೇಲ್ಮೈಯ ಆಕಾರ ಸ್ವಲ್ಪ ಕೆಡಬಹುದು. ಎರಡು ಡೋಸು ಪಡೆದವರಲ್ಲಿ ರಕ್ಷಣೆ ಸುಮಾರು 62 ಶೇಕಡಾ, ಬೂಸ್ಟರ್ ಸೇರಿದರೆ ಸುಮಾರು 83 ಶೇಕಡಾ ಎಂದು ಒಂದು ಅಧ್ಯಯನ ಕಂಡುಕೊಂಡಿತ್ತು. ಅದರ ಬಳಕೆ 2022ರಲ್ಲಿ ನಿಂತಿತು. ಸದ್ಯಕ್ಕೆ ಕಾಡಿಗೆ ಹೋಗುವ ಮುನ್ನ ಕೈಕಾಲಿಗೆ ಉಣುಗನ್ನು ದೂರವಿಡುವ ಡೇಪಾ ಎಣ್ಣೆ ಹಚ್ಚುವುದು, ಬಂದ ಮೇಲೆ ಬಿಸಿನೀರಿನ ಸ್ನಾನ, ಬಟ್ಟೆಯನ್ನು ಬಿಸಿನೀರಿನಲ್ಲಿ ನೆನೆಸುವುದು, ಇವೇ ನಮಗಿರುವ ರಕ್ಷಣೆ. ಕಚ್ಚಿಕೊಂಡ ಉಣುಗನ್ನು ಉಗುರಿನಿಂದ ಹಿಸುಕಬೇಡಿ, ಚಿಮುಟದಿಂದ ಚರ್ಮದ ಹತ್ತಿರ ಹಿಡಿದು ನೇರವಾಗಿ ಎಳೆಯಿರಿ. ಅರ್ಧ ಹೀರಿದ ಉಣುಗು ಇನ್ನೊಬ್ಬರನ್ನು ಹಿಡಿಯುವ ಸಾಧ್ಯತೆ ಇರುವುದರಿಂದ ಅದನ್ನು ಅಂಗಳಕ್ಕೆ ಎಸೆಯದೆ ಬೆಂಕಿಗೆ ಹಾಕಿ.

ಪ್ರಶ್ನೆ ಕೇಳಿದವರು ಕೊನೆಗೆ: ಬೆಟ್ಟದಂಚಿನ ತೋಟಿಗ

ಅಮ್ಮನಿಗೆ ಎಲ್ಲವನ್ನೂ ಓದಿ ಹೇಳಿದೆ. ಹಾಲಿನ ಚಿಂತೆ ಬಿಟ್ಟಿದ್ದಾರೆ. ದರಕಿನ ವಿಚಾರದಲ್ಲಿ ಡಾಕ್ಟರರು ಹೇಳಿದ ಮೂರು ಕಾಲಗಳ ಲೆಕ್ಕ ಮನಸ್ಸಿಗೆ ನಾಟಿತು. ಎಲೆ ಉದುರುವುದನ್ನು ಮಳೆಗಾಲಕ್ಕೆ ಮುಂದೂಡಲು ನಮ್ಮಿಂದ ಆಗುವುದಿಲ್ಲವಷ್ಟೆ. ಈ ವರ್ಷ ಕೊಟ್ಟಿಗೆಗೆ ಹಾಸಲು ಗದ್ದೆಯವರಿಂದ ಭತ್ತದ ಹುಲ್ಲು ಕೊಂಡು ತರುವುದೆಂದು ತೀರ್ಮಾನಿಸಿದ್ದೇವೆ. ದನಗಳಿಗೆ ಉಣುಗಿನ ಔಷಧಿ ಹಚ್ಚಿಸಲು ನಾಳೆ ಪಶು ಆಸ್ಪತ್ರೆಗೆ ಹೋಗುತ್ತೇನೆ.